ಏನೂ ಬೆಳೆಯದ ಗುಡ್ಡ

ಹೋದ ಜೂನ್ ತಿಂಗಳಲ್ಲಿ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಉಜ್ಜಿನಿ ಬಸ್ಸಿಗೆ ಕಾಯುತ್ತಿದ್ದಾಗ ಮಳೆ ಶುರುವಾಯಿತು. ಹೊರಗಿದ್ದವರೆಲ್ಲ ಒಳಗೆ ಓಡಿಬಂದರು. ಅವರಲ್ಲಿ ಒಬ್ಬಾತ ಕರಿ ಕಂಬಳಿ ಹೊದ್ದಿದ್ದ. ನೀರು ಸೋರುತ್ತಿದ್ದ ಕಂಬಳಿಯಲ್ಲೇ ನನ್ನ ಪಕ್ಕಕ್ಕೆ ಬಂದು ನಿಂತ. ತೊಯ್ದ ಕಂಬಳಿಯ ವಾಸನೆ ಗೊತ್ತಿರುವವರಿಗೆ ವರ್ಣಿಸಬೇಕಿಲ್ಲ. ಕುರಿ, ಒಲೆಯ ಹೊಗೆ, ಮಣ್ಣು, ಮನುಷ್ಯನ ಬೆವರು ಎಲ್ಲ ಸೇರಿ ಮೂಗಿಗೆ ಬಡಿಯುತ್ತದೆ. ಕಾಲೇಜಿನ ಹುಡುಗಿಯರಿಬ್ಬರು ದುಪಟ್ಟಾ ಮೂಗಿಗೆ ಹಿಡಿದು ಆಚೆ ಸರಿದರು. ನಾನು ಸರಿಯಲಿಲ್ಲ. ಆ ಹುಡುಗಿಯರ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಒಂದು ಕಾಲಕ್ಕೆ ನಾನೂ ಹೀಗೆ ಸೆರಗು ಮೂಗಿಗೆ ಹಿಡಿದವಳೇ...

ಅಂದು ಉಜ್ಜಿನಿಗೆ ಹೋಗಲಿಲ್ಲ. ಮನೆಗೆ ಬಂದು ಸುಮ್ಮನೆ ಕೂತೆ. ಕುರಿ ಅಜ್ಜ ನೆನಪಾಗಿದ್ದ.

ಇಪ್ಪತ್ತೈದು ವರ್ಷಗಳ ಹಿಂದೆ ನಾನು ಕೂಡ್ಲಿಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಊರಿನ ಹೆಸರು ಬೇಡ. ನನ್ನಿಂದ ಆ ಊರಿಗೆ ಆದ ಉಪಕಾರವೇ ಸಾಕಷ್ಟಿದೆ. ಕೊಟ್ಟೂರಿನ ವ್ಯಾಪಾರಸ್ಥರ ಮನೆಯ ಮಗಳು, ಎಂ.ಎ. ಮಾಡಿದವಳು, ಮೂಗಿನ ತುದಿಯಲ್ಲೇ ಸಿಟ್ಟು. ಬಸ್ಸಿಳಿದು ಶಾಲೆಗೆ ನಡೆಯುವಾಗ ಕಾಲಿಗೆ ಧೂಳು ಹತ್ತಿದರೂ ಆ ಊರಿನ ಮೇಲೆಯೇ ಸಿಟ್ಟು ಬರುತ್ತಿತ್ತು. ಶಾಲೆಯ ಹಿಂದೆ ಒಂದು ಗುಡ್ಡ. ಎತ್ತರವಿಲ್ಲ, ಅಗಲ ಮಾತ್ರ ಕಣ್ಣು ಹರಿಯುವಷ್ಟು. ಮೈತುಂಬ ಹುಲ್ಲು, ನಡುನಡುವೆ ಕಲ್ಲು, ಅಲ್ಲೊಂದು ಇಲ್ಲೊಂದು ಮುಳ್ಳುಕಂಟಿ. ಆ ಗುಡ್ಡದಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ.

ಅಜ್ಜ ಆ ಗುಡ್ಡದ ಕುರಿಗಾರ. ಹೆಸರು ಆಗ ಗೊತ್ತಿತ್ತು, ಕರೆಯುತ್ತಿದ್ದುದು ಮಾತ್ರ ಕುರಿ ಅಜ್ಜ ಎಂದೇ. ನನಗಿಂತ ಮೂವತ್ತು ವರ್ಷ ದೊಡ್ಡವನು. ಅವನು ನನಗೆ ‘ಅಕ್ಕೋರ, ಬರ್ರಿ, ಹೋಗ್ರಿ’ ಎನ್ನುವುದು, ನಾನು ಅವನಿಗೆ ‘ಬಾ, ಹೋಗು’ ಎನ್ನುವುದು. ಇದರಲ್ಲಿ ಏನಾದರೂ ತಪ್ಪಿದೆ ಎಂದು ಆಗ ಇಬ್ಬರಿಗೂ ಅನಿಸಿರಲಿಲ್ಲ. ಈಗ ಇಷ್ಟು ಬರೆಯುವಾಗಲೂ ಬಹುವಚನ ಕೈಗೆ ಬರುತ್ತಿಲ್ಲ ನೋಡಿ, ಅಷ್ಟು ಗಟ್ಟಿಯಾಗಿ ಕೂತಿದೆ ಆ ಅಭ್ಯಾಸ.

ಮಧ್ಯಾಹ್ನ ಕುರಿಗಳು ಗುಡ್ಡದಿಂದಿಳಿದು ಶಾಲೆಯ ಗೋಡೆಯ ನೆರಳಿಗೆ ಮಲಗುತ್ತಿದ್ದವು. ಅಜ್ಜ ಒಂಬತ್ತನೇ ತರಗತಿಯ ಕಿಟಕಿಯ ಕೆಳಗೆ ಕಂಬಳಿ ಹಾಸಿ ಕೂರುತ್ತಿದ್ದ. ನಾನು ಹೇಳುವ ಪಾಠವೆಲ್ಲ ಅವನ ಕಿವಿಗೂ ಬೀಳುತ್ತಿತ್ತು. ಒಂದು ದಿನ ಜೀವವಲಯಗಳ ಪಾಠ ನಡೆದಿತ್ತು. ಭೂಮಿಯ ಮೇಲೆ ಎಲ್ಲಿ ಕಾಡು ಇರುತ್ತದೆ, ಎಲ್ಲಿ ಹುಲ್ಲುಗಾವಲು, ಎಲ್ಲಿ ಮರುಭೂಮಿ, ಮತ್ತು ಯಾಕೆ ಎನ್ನುವ ಪಾಠ. ನಾನು ಗೋಡೆಗೆ ನಕಾಶೆ ತೂಗುಹಾಕಿ, ಕಡ್ಡಿಯಿಂದ ಆಫ್ರಿಕಾ ಮುಟ್ಟಿ, “ಮಳೆ, ಬಿಸಿಲು, ಮಣ್ಣು, ಗಾಳಿ. ಈ ನಾಲ್ಕು ಸೇರಿ ಎಲ್ಲಿ ಏನು ಬೆಳೀಬೇಕು ಅಂತ ತೀರ್ಮಾನ ಮಾಡ್ತವೆ” ಎಂದೆ. ಮಕ್ಕಳು ಒಕ್ಕೊರಲಿನಿಂದ ತಿರುಗಿ ಹೇಳಿದರು. ಆಮೇಲೆ ಕಿಟಕಿಯ ಕೆಳಗಿನಿಂದ ದನಿ ಬಂತು.

“ಎರಡು ಬಿಟ್ರಿ ನೋಡ್ರಿ ಅಕ್ಕೋರ.”

ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ನನಗೆ ಮೈ ಉರಿಯಿತು. ಕಿಟಕಿಗೆ ಬಗ್ಗಿ, “ಏನು ಬಿಟ್ಟೆ?” ಎಂದು ಕೇಳಿದೆ.

“ಬೆಂಕಿ ಒಂದು, ಬಾಯಿ ಒಂದು.”

ತರಗತಿ ಮುಗಿದ ಮೇಲೆ ಬಯ್ಯಲೆಂದೇ ಹೊರಗೆ ಹೋದೆ. ಅವನು ಎದ್ದು ನಿಂತು, ಬಯ್ಯಲು ಬಂದವಳನ್ನು ಗುಡ್ಡದ ಅಂಚಿಗೆ ಕರೆದುಕೊಂಡು ಹೋದ. ಹೇಗೆ ಹೋದೆನೋ ಗೊತ್ತಿಲ್ಲ. ಅವನ ದನಿಯಲ್ಲಿ ಒಂದು ಮೆತ್ತಗಿನ ಒತ್ತಾಯವಿತ್ತು, ಹಟ ಮಾಡುವ ಟಗರನ್ನೂ ಅದೇ ದನಿಯಲ್ಲಿ ತಿರುಗಿಸುತ್ತಿದ್ದ. ಕೋಲಿನ ತುದಿಯಿಂದ ನೆಲ ಕೆದರಿ ತೋರಿಸಿದ.

“ನಾಕು ಬೆರಳು ಮಣ್ಣೈತ್ರಿ. ಕೆಳಗ ಗರಸು. ಅದರ ಕೆಳಗ ಕಲ್ಲು. ಹುಲ್ಲಿಗೆ ಇಷ್ಟು ಸಾಕು. ಮಳಿ ಬಂದಾಗ ಏಳತೈತಿ, ಹೋದಾಗ ಮಲಗತೈತಿ. ಮರಕ್ಕ ಮಲಗಾಕ ಬರಂಗಿಲ್ರಿ. ನಿಂತವರಿಗೆ ದಿನಾ ನೀರು ಬೇಕು.”

“ಮತ್ತೆ ಬೆಂಕಿ?”

“ಹಳೀ ಹುಲ್ಲು ಸುಟ್ಟು ಹೋದ್ರ ಹೊಸಾದಕ್ಕ ಜಾಗ. ಸಣ್ಣ ಗಿಡ ಸಾಯ್ತಾವ, ಹುಲ್ಲಿನ ಬೇರು ಸಾಯಂಗಿಲ್ಲ. ಬಾಯೂ ಹಂಗ. ಕುರಿ ಕಚ್ಚಿದಷ್ಟು ಹುಲ್ಲು ಚಿಗುರು ಒಡೀತೈತಿ. ಮಿತಿ ಇರಬೇಕು, ಅಷ್ಟ.”

ಆ ಮಿತಿಯನ್ನು ಅವರು ಹೇಗೆ ಕಾಯುತ್ತಿದ್ದರು ಎನ್ನುವುದೂ ಆಮೇಲೆ ತಿಳಿಯಿತು. ಸುಗ್ಗಿ ಮುಗಿದ ಮೇಲೆ ಕುರಿಗಾರರೆಲ್ಲ ಮಂದೆ ಹೊಡೆದುಕೊಂಡು ಹೂವಿನಹಡಗಲಿ ದಾಟಿ ಮಾಗಳದ ಹೊಳೆದಂಡೆಗೆ ಹೋಗುತ್ತಿದ್ದರು. ಅಲ್ಲಿ ಗದ್ದೆಗಳಲ್ಲಿ ಕುರಿ ನಿಲ್ಲಿಸಿ, ಗೊಬ್ಬರ ಕೊಟ್ಟು, ಬೇಸಿಗೆ ಕಳೆಯುವುದು. ರೋಹಿಣಿ ಮಳೆಯ ಹೊತ್ತಿಗೆ ಗಬ್ಬದ ಕುರಿಗಳನ್ನು ಮೆಲ್ಲಗೆ ನಡೆಸಿಕೊಂಡು ಊರಿಗೆ ಬರುವುದು. ಮರಿ ಹಾಕುವುದು ಮಾತ್ರ ಈ ಗುಡ್ಡದ ಹುಲ್ಲಿನ ಮೇಲೆಯೇ ಆಗಬೇಕು. ತಾಯಿಗೆ ಹಾಲು ಇಳಿಯುವುದು ಇಲ್ಲಿಯ ಎಳೆ ಹುಲ್ಲಿಗೆ ಎಂದು ಅವರ ನಂಬಿಕೆ. ಅದೂ ಗುಡ್ಡದ ಒಂದೇ ಮಗ್ಗುಲು. ಇನ್ನೊಂದು ಮಗ್ಗುಲಿಗೆ ದಸರಾದ ತನಕ, ಹುಲ್ಲು ಬೀಜ ಉದುರಿಸುವವರೆಗೂ, ಒಂದು ಕುರಿಯೂ ಕಾಲಿಡುವಂತಿಲ್ಲ. ಮರುವರ್ಷ ಮಗ್ಗುಲು ಬದಲು. ಇದಕ್ಕೆ ಬೇಲಿಯಿಲ್ಲ, ಕಾವಲಿಲ್ಲ. ಬೀರಪ್ಪನ ಗುಡಿಯ ಮುಂದೆ ಅಜ್ಜ ಒಂದು ಮಾತು ಹೇಳಿದರೆ ಮುಗಿಯಿತು.

ನಾನು ಕೇಳಿದೆ, ತಲೆಯಾಡಿಸಿದೆ, ಮನೆಗೆ ಹೋದೆ. ಕುರಿ ಕಾಯುವವನಿಗೆ ಇಷ್ಟೆಲ್ಲ ಗೊತ್ತಿದೆಯಲ್ಲ ಎಂದು ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಹೇಳಿ ನಕ್ಕಿದ್ದೂ ನೆನಪಿದೆ.

ಆ ಏಪ್ರಿಲ್‌ನಲ್ಲಿ, ರಜೆಗೆ ಎರಡು ದಿನ ಮುಂಚೆ, ಹೆಡ್‌ಮಾಸ್ತರರು ನನ್ನನ್ನು ಕರೆದರು. ಹಸಿರು ಮಾಡುವ ಯಾವುದೋ ಯೋಜನೆ ಬಂದಿದೆ, ಶಾಲೆಯ ಕಡೆಯಿಂದ ಅರ್ಜಿ ಹೋದರೆ ಹಿಂದಿನ ಗುಡ್ಡಕ್ಕೆ ಗಿಡ ಹಚ್ಚಿಸುತ್ತಾರೆ, ಚೆನ್ನಾಗಿ ನಡೆಸಿದ ಶಾಲೆಗೆ ಶೀಲ್ಡು ಇದೆ, ನಿಮ್ಮ ಅಕ್ಷರ ದುಂಡಗಿದೆ, ನೀವೇ ಬರೆಯಿರಿ ಎಂದರು. ನನಗೆ ಹಿಗ್ಗು. ಗುಡ್ಡದ ಕಡೆ ನೋಡಿದೆ. ಏಪ್ರಿಲ್ ಬಿಸಿಲಿಗೆ ಹುಲ್ಲೆಲ್ಲ ಒಣಗಿ, ಮುರಿದು, ನೆಲದ ಬಣ್ಣಕ್ಕೆ ತಿರುಗಿತ್ತು. ಕುರಿಗಳೂ ಇರಲಿಲ್ಲ, ಮಾಗಳದಲ್ಲಿದ್ದವು. ಫೋಟೋ ತೆಗೆಸಿದೆವು. ಆಮೇಲೆ ಬಿಳಿ ಹಾಳೆಯ ಮೇಲೆ, ಒಂದೂ ಚಿತ್ತುಕಾಟು ಇಲ್ಲದೆ, ಬರೆದೆ: ‘ನಮ್ಮ ಶಾಲೆಯ ಹಿಂದಿನ ಗುಡ್ಡವು ಸಂಪೂರ್ಣ ಬಂಜರಾಗಿದ್ದು, ಅಲ್ಲಿ ಏನೂ ಬೆಳೆಯುವುದಿಲ್ಲ.’ ಕೆಳಗೆ ಸಹಿಯನ್ನೂ ಮಾಡಿದೆ. ಅರ್ಜಿಯ ಒಂದು ಪ್ರತಿಯನ್ನು ಪಂಚಾಯ್ತಿಯವರು ಗೋಡೆಗೆ ಅಂಟಿಸಿದರು. ನನ್ನ ಅಕ್ಷರ ಊರಿಗೆಲ್ಲ ಕಾಣುತ್ತದೆ ಎಂದು ಅದೂ ಒಂದು ಹಿಗ್ಗು.

ನಾಲ್ಕು ಬೆರಳು ಮಣ್ಣು ತೋರಿಸಿದ ಕೋಲು ಬರೆಯುವಾಗ ನೆನಪಾಯಿತೇ? ಆಗಿತ್ತು. ಸುಳ್ಳು ಯಾಕೆ ಹೇಳಲಿ. ಪೆನ್ನು ಒಂದು ಗಳಿಗೆ ನಿಂತಿತ್ತು. ಅವನೇನು ಓದಿದವನೇ ಎಂದುಕೊಂಡು ಮುಂದುವರಿಸಿದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮಳೆಯೂ ಬಂತು, ಕುರಿಗಳೂ ಬಂದವು. ಅವು ಬಂದ ಮೂರನೆಯ ದಿನವೋ ಏನೋ, ಅಜ್ಜ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. ಕಂಬಳಿ ತೊಯ್ದು ನೀರು ಇಳಿಯುತ್ತಿತ್ತು. ಆಗಲೇ ನಾನು ಸೆರಗು ಮೂಗಿಗೆ ಹಿಡಿದದ್ದು. ಅವನು ಅದನ್ನು ನೋಡಿ, ತಾನೇ ಎರಡು ಹೆಜ್ಜೆ ಹಿಂದಕ್ಕೆ ಸರಿದು ಸೂರಿನ ನೀರಿನ ಕೆಳಗೆ ನಿಂತ.

“ಗುಡ್ಡಕ್ಕ ಗಿಡ ಹಚ್ಚತಾರಂತ್ರಿ. ನಾಳಿ ಸಾಹೇಬ್ರು ಬರ್ತಾರಂತ. ನೀವು ಒಂದು ಮಾತು ಹೇಳ್ರಿ ಅಕ್ಕೋರ.”

“ನಾನೇನು ಹೇಳಲಿ?”

“ಪಾಠದಾಗ ಹೇಳಿದ್ರಲ್ರಿ, ಅದನ್ನ ಹೇಳ್ರಿ. ಮಳಿ ಕಮ್ಮಿ, ಮಣ್ಣು ಕಮ್ಮಿ, ಇದು ಹುಲ್ಲಿನ ಜಾಗ ಅಂತ. ನಾನು ಹೇಳಿದ್ರ ಕುರಿ ಒದರಿದಂಗ ಆಗತೈತಿ. ನಲವತ್ತು ಕುರಿ ಗಬ್ಬ ಅದಾವ್ರಿ, ಇವತ್ತೋ ನಾಳಿಗೋ ಅನ್ನಂಗ. ಗುಡ್ಡ ಹೋದ್ರ ಅವನ್ನ ಎಲ್ಲಿಗೆ ಹೊಡಕೊಂಡು ಹೋಗ್ಲಿ?”

“ನೋಡೋಣ ಬಿಡು ಅಜ್ಜ.”

ಅವನು ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ. ಮಳೆ ತಲೆಯ ಮೇಲೆಯೇ ಬೀಳುತ್ತಿತ್ತು.

“ಮತ್ತೇನಾರ ಹೇಳೋದೈತೇನ್ರಿ ಅಕ್ಕೋರ?”

“ಇಲ್ಲ. ಏನಿಲ್ಲ,” ಎಂದೆ.

ಅರ್ಜಿ ಬರೆದವಳು ನಾನು ಎಂದು ಹೇಳಲು ಅಷ್ಟೇ ಹೊತ್ತು ಬೇಕಿತ್ತು. ಹೇಳಲಿಲ್ಲ. ಇವನಿಗೆ ಓದಲು ಬರುವುದಿಲ್ಲ, ಗೋಡೆಯ ಮೇಲಿನ ಹಾಳೆಯಲ್ಲಿ ಏನಿದೆ ಎಂದು ಇವನಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಎದೆಯಲ್ಲಿ ಏನೋ ಹಗುರಾದಂತೆಯೂ ಆಯಿತು.

ಮರುದಿನ ಶಾಲೆಯ ಬೇವಿನ ಮರದ ಕೆಳಗೆ ಸಭೆ. ಯೋಜನೆಯ ಅಧಿಕಾರಿ ಕುರ್ಚಿಯಲ್ಲಿ, ಊರವರು ನೆಲದ ಮೇಲೆ, ನಾನು ಹೆಡ್‌ಮಾಸ್ತರರ ಪಕ್ಕದ ಬೆಂಚಿನಲ್ಲಿ. ಎಲ್ಲರೂ ಹೂಂ ಎಂದ ಮೇಲೆ ಅಜ್ಜ ಎದ್ದು ನಿಂತ. ಕೈಯಲ್ಲಿ ಕೋಲು ಇರಲಿಲ್ಲ, ಮರದ ಬುಡಕ್ಕೆ ಇಟ್ಟು ಬಂದಿದ್ದ.

“ಅದು ಬಂಜರಲ್ರಿ ಸಾಹೇಬ್ರ, ಹುಲ್ಲಿನ ಜಾಗ. ಬ್ಯಾಸಗಿ ಒಳಗ ಸತ್ತಂಗ ಕಾಣತೈತಿ, ಸತ್ತಿರಂಗಿಲ್ಲ. ನಮ್ಮ ಅಕ್ಕೋರ್ನ ಕೇಳ್ರಿ, ಅವರಿಗೆ ಗೊತ್ತೈತಿ.”

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ನಗುತ್ತಲೇ ನನ್ನ ಕಡೆ ತಿರುಗಿದರು. “ಹೇಳಿ ಮೇಡಂ, ಭೂಗೋಳ ಹೇಳೋರು ನೀವು. ಇದು ಹುಲ್ಲುಗಾವಲೋ, ಬಂಜರೋ?”

ಅವರು ನಿಜವಾಗಿಯೂ ಕೇಳಿದ್ದರು. ಉತ್ತರಕ್ಕೆ ಕಾದಿದ್ದರು. ನಾನು ಹುಲ್ಲುಗಾವಲು ಎಂದಿದ್ದರೆ ಅವರು ಇನ್ನೊಂದು ಗುಡ್ಡ ನೋಡಿಕೊಳ್ಳುತ್ತಿದ್ದರೋ ಏನೋ. ಅವರ ತೊಡೆಯ ಮೇಲೆ ನನ್ನ ದುಂಡಗಿನ ಅಕ್ಷರದ ಹಾಳೆ ಇತ್ತು. ಈಗ ಮಾತು ತಿರುಗಿಸಿದರೆ ಹೆಡ್‌ಮಾಸ್ತರರ ಮುಂದೆ, ಊರವರ ಮುಂದೆ ನನ್ನ ಮುಖ ಏನಾಗಬೇಕು?

“ಹುಲ್ಲುಗಾವಲು ಅಂದರೆ ಆಫ್ರಿಕಾದಲ್ಲಿ ಇರೋದು ಸರ್,” ಎಂದೆ. “ಇದು ಬಂಜರೇ.”

ಜನ ನಕ್ಕರು. ಆಫ್ರಿಕಾ ಎಂದದ್ದಕ್ಕೆ ನಕ್ಕರು ಅಷ್ಟೇ, ಅಜ್ಜನನ್ನು ನೋಡಿ ನಗಲಿಲ್ಲ. ಆದರೆ ಅವನು ಆ ನಗುವಿನ ನಡುವೆ ನಿಂತೇ ಇದ್ದ. ಆಮೇಲೆ ನನಗೆ ಕೈಮುಗಿದ. ವ್ಯಂಗ್ಯವಿರಲಿಲ್ಲ, ದಿನಾ ಮುಗಿಯುವ ಹಾಗೆಯೇ ಮುಗಿದ. ಕೋಲು ತೆಗೆದುಕೊಂಡು ಕುರಿಗಳ ಕಡೆ ನಡೆದ.

ಆ ವಾರವೇ ಜೆಸಿಬಿ ಬಂತು. ಗುಡ್ಡದ ಮೈಗೆ ಅಡ್ಡಡ್ಡ ಟ್ರೆಂಚು ಹೊಡೆದರು. ಆಗಷ್ಟೇ ಎದ್ದಿದ್ದ ಎಳೆ ಹುಲ್ಲು ಬೇರುಸಹಿತ ಮೇಲೆ ಬಂದು ಬಿಸಿಲಿಗೆ ಬಿತ್ತು. ಮಕ್ಕಳಿಂದ ನಾನೇ ಗಿಡ ಹಚ್ಚಿಸಿದೆ, ಹಾಡು ಹೇಳಿಸಿದೆ. ಸುತ್ತ ತಂತಿ ಬೇಲಿ ಬಂತು. ಕುರಿ ಒಳಗೆ ಬರದ ಹಾಗೆ ಕಾಯಲು ಒಬ್ಬ ಆಳು ಬೇಕೆಂದರು. ನನ್ನ ಮನಸ್ಸು ಚುಚ್ಚುತ್ತಿತ್ತು. ಆ ಕೆಲಸಕ್ಕೆ ಅಜ್ಜನ ಹೆಸರು ಹೇಳಿದೆ. ದೊಡ್ಡ ಉಪಕಾರ ಮಾಡಿದವಳಂತೆ ಅವನ ಹಟ್ಟಿಗೇ ಹೋಗಿ ತಿಳಿಸಿದೆ.

ಅಜ್ಜ ತೊಡೆಯ ಮೇಲಿದ್ದ ಮರಿಯನ್ನು ಕೆಳಗಿಳಿಸಿ ಕೇಳಿದ.

“ಕುರಿ ಬಂದ್ರ ನಾನ ಹೊಡೀಬೇಕೇನ್ರಿ?”

“ಹೌದಲ್ಲ, ಕಾವಲು ಅಂದ್ರೆ...”

“ಆಗಂಗಿಲ್ರಿ ಅಕ್ಕೋರ. ನೀವು ಬಂದ್ರಲ್ಲ, ಅಷ್ಟ ಸಾಕು. ಮಜ್ಜಿಗಿ ಕುಡೀರಿ.”

ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಆ ಮಳೆಗಾಲದಲ್ಲಿ ಅವನನ್ನು ಇನ್ನೊಂದೇ ಸಲ ನೋಡಿದ್ದು. ಹರಪನಹಳ್ಳಿಗೆ ಒಂದು ಟ್ರೇನಿಂಗಿಗೆ ಹೋಗುತ್ತಿದ್ದೆ. ಮುಂದೆ ಕುರಿಮಂದೆ ಅಡ್ಡ ಬಂದು ಬಸ್ಸು ನಿಧಾನವಾಯಿತು. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ಡಾಂಬರು ರಸ್ತೆಯ ಅಂಚಿನ ಎರಡು ಗೇಣು ಹುಲ್ಲಿಗೆ ಕುರಿಗಳು ಮುಗಿಬಿದ್ದಿದ್ದವು. ಅಜ್ಜನ ಕಂಬಳಿಯ ಮಡಿಕೆಯಲ್ಲಿ ಒಂದು ಮರಿ, ಹೆಗಲ ಮೇಲೆ ಇನ್ನೊಂದು. ಹೆಗಲ ಮೇಲಿನದರ ಕತ್ತು ಜೋತುಬಿದ್ದಿತ್ತು. ಅದರ ತಾಯಿ ಅವನ ಕಾಲಿಗೆ ಹತ್ತಿಕೊಂಡೇ ಒದರುತ್ತ ನಡೆಯುತ್ತಿತ್ತು. ಬಸ್ಸು ಪಕ್ಕಕ್ಕೆ ಬಂದಾಗ ಅವನು ತಲೆಯೆತ್ತಿದ. ನಾನು ಕಿಟಕಿಯ ಪಕ್ಕವೇ ಕೂತಿದ್ದೆ. ಮುಖ ತಿರುಗಿಸಿ, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ ಗಂಟೆ ಎಷ್ಟಾಯಿತು ಎಂದು ಕೇಳಿದೆ. ನನ್ನ ಕೈಯಲ್ಲೇ ವಾಚು ಇತ್ತು.

ಶೀಲ್ಡು ನಮ್ಮ ಶಾಲೆಗೇ ಬಂತು. ನಾನು ಭಾಷಣವನ್ನೂ ಮಾಡಿದೆ.

ಗಿಡಗಳ ಕಥೆ ಹೇಳುವುದು ಬೇಡ. ಮೊದಲ ಬೇಸಿಗೆಗೇ ಮುಕ್ಕಾಲು ಹೋದವು. ಮಕ್ಕಳು ಕೊಡದಲ್ಲಿ ನೀರು ಹೊತ್ತು ಹಾಕಿದರೂ ನಿಲ್ಲಲಿಲ್ಲ. ಮೂರನೆಯ ವರ್ಷ ಒಂದು ಮಧ್ಯಾಹ್ನ ಒಬ್ಬಳೇ ಗುಡ್ಡ ಹತ್ತಿದೆ. ಟ್ರೆಂಚಿನ ಮಗ್ಗುಲು ಚಾಕುವಿನಿಂದ ಕೊಯ್ದ ಹಾಗೆ ಕಾಣುತ್ತಿತ್ತು. ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಸತ್ತ ಗಿಡವೊಂದನ್ನು ಎಳೆದೆ, ಸಲೀಸಾಗಿ ಕೈಗೆ ಬಂತು. ಬೇರು ಕೆಳಗಿಳಿಯಲು ಜಾಗವಿಲ್ಲದೆ ತನ್ನ ಸುತ್ತಲೇ ಸುತ್ತಿಕೊಂಡಿತ್ತು. ಅಲ್ಲೇ ಕೂತು ಅತ್ತೆ. ಕೆಳಗಿಳಿದು ಬಂದು ಯಾರಿಗೂ ಹೇಳಲಿಲ್ಲ. ಖಾಲಿ ಗುಂಡಿಗಳಲ್ಲಿ ಬಳ್ಳಾರಿ ಜಾಲಿ ಎದ್ದು, ಹರಡಿ, ಇಡೀ ಗುಡ್ಡವನ್ನೇ ನುಂಗಿತು. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಮೊದಲು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಗುಡ್ಡದಿಂದ ಗೌಜಲಹಕ್ಕಿಗಳ ಕೂಗು ಕೇಳುತ್ತಿತ್ತು. ಅದು ಯಾವಾಗ ನಿಂತಿತು ಎಂದು ನನಗೆ ಗೊತ್ತಿಲ್ಲ... ಕೇಳುತ್ತಿದ್ದಾಗಲೂ ನಾನು ಕಿವಿಗೊಟ್ಟವಳಲ್ಲ.

ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಮಳೆ, ಬಿಸಿಲು, ಮಣ್ಣು, ಗಾಳಿ ಎಂದು ನಿವೃತ್ತಿಯ ತನಕ ಅದೇ ಪಾಠ ಹೇಳಿದೆ. ಬೆಂಕಿಯನ್ನೂ ಬಾಯಿಯನ್ನೂ ಸೇರಿಸಿಯೇ ಹೇಳಿದೆ. ಯಾರು ಕಲಿಸಿದರು ಎಂದು ಮಾತ್ರ ಯಾವ ಮಕ್ಕಳಿಗೂ ಹೇಳಲಿಲ್ಲ.

ಕೊಟ್ಟೂರಿನ ಬಸ್ ನಿಲ್ದಾಣದ ಆ ಮಳೆಯಾದ ಮುಂದಿನ ವಾರ ಧೈರ್ಯ ಮಾಡಿ ಆ ಊರಿಗೆ ಹೋದೆ. ಅಜ್ಜ ಇರುವುದಿಲ್ಲ ಎಂದು ಲೆಕ್ಕ ಹಾಕಿದರೇ ಗೊತ್ತಾಗುತ್ತಿತ್ತು. ಆದರೂ ಹೋದೆ. ಅವನ ಹಟ್ಟಿ ಇದ್ದಲ್ಲಿ ಈಗ ಆರ್‌ಸಿಸಿ ಮನೆ. ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದ ಅಜ್ಜನ ಸೊಸೆ ತಲೆಯೆತ್ತಿ ನೋಡಿ, ಒಂದು ಗಳಿಗೆಯಲ್ಲೇ ಗುರುತು ಹಿಡಿದಳು. “ಬರ್ರಿ ಅಕ್ಕೋರ, ಬರ್ರಿ” ಎಂದು ಚಾಪೆ ಹಾಸಿದಳು. ಅವಳು ಬೇರೆ ಊರಿನಿಂದ ಬಂದವಳು, ಏಳನೇ ತನಕ ಓದಿದವಳು. ಆಗ ಹೊಸ ಮದುವಣಗಿತ್ತಿ.

ಅಜ್ಜ ಹೋಗಿ ಹದಿನೈದು ವರ್ಷವಾಗಿತ್ತಂತೆ. ಮಾಗಳದ ಕಡೆ, ಯಾರದೋ ಗದ್ದೆಯಲ್ಲಿ, ಕುರಿಗಳ ನಡುವೆ. ಗುಡ್ಡಕ್ಕೆ ಬೇಲಿ ಬಿದ್ದ ಮರುವರ್ಷದಿಂದಲೇ ಅವನು ಮಳೆಗಾಲಕ್ಕೂ ಊರಿಗೆ ಬರುವುದನ್ನು ಬಿಟ್ಟಿದ್ದ.

“ಅಲ್ಲೇ ಮಣ್ಣು ಮಾಡಿದ್ವಿರಿ,” ಎಂದಳು. “ಇಲ್ಲಿಗೆ ತರೋಣ ಅಂದ್ರು ಇವ್ರು. ಇಲ್ಲೇನೈತಿ ಅಂತ ಮಾವ ಮೊದಲ ಹೇಳಿ ಇಟ್ಟಿದ್ದ.”

ನಾನು ಅಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಆಗ ಆಡಿದೆ. “ಗುಡ್ಡಕ್ಕೆ ಅರ್ಜಿ ಬರೆದವಳು ನಾನೇ, ಗೊತ್ತೇನಮ್ಮ? ನಿಮ್ಮ ಮಾವನಿಗೆ ನಾನು ಅದನ್ನ ಹೇಳಲೇ ಇಲ್ಲ.”

ಅವಳು ತೆನೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಮಾವಗ ಗೊತ್ತಿತ್ರಿ. ಪಂಚಾಯ್ತಿ ಗ್ವಾಡಿ ಮ್ಯಾಲಿಂದ ಓದಿ ಹೇಳಿದಾಕಿ ನಾನ. ಕೆಳಗ ನಿಮ್ಮ ಸಹಿ ಇತ್ತಲ್ರಿ.”

“ಯಾವಾಗ?”

“ಮಾಗಳದಿಂದ ಬಂದ ದಿನಾನ. ನಿಮ್ಮನ್ನ ಕೇಳಾಕ ಸಾಲಿಗೆ ಬಂದಿದ್ನಲ್ರಿ, ಅದಕ್ಕೂ ಮುಂಚೇನ.”

ಗೊತ್ತಿದ್ದೂ ನನ್ನ ಹತ್ತಿರ ಯಾಕೆ ಬಂದ ಎಂದು ಕೇಳಿದೆ.

“ನಾವೂ ಅದನ್ನ ಕೇಳಿದ್ವಿರಿ. ಬರದವ್ರ ಕೈಲೇನ ಅಳಿಸಿದ್ರ ಚಂದ, ನಾವು ಮಂದಿ ಮುಂದ ಎತ್ತಾಡಿದ್ರ ಅಕ್ಕೋರ ಮರ್ಯಾದಿ ಹೋಗತೈತಿ ಅಂದ. ಪಾಠ ಚಲೋ ಹೇಳ್ತಾರ, ಒಂದು ಸಲ ಕೇಳಿ ನೋಡ್ತೀನಿ ಅಂದ.”

ಮತ್ತೇನಾರ ಹೇಳೋದೈತೇನ್ರಿ ಎಂದು ಮಳೆಯಲ್ಲಿ ನಿಂತು ಅವನು ಕೇಳಿದ್ದು ಅದಕ್ಕೆ. ಸಭೆಯಲ್ಲಿ, ಬರೆದವಳು ಇವಳೇ ಎನ್ನದೆ, ಅವರಿಗೆ ಗೊತ್ತೈತಿ ಎಂದದ್ದು ಅದಕ್ಕೆ. ಎರಡು ಸಲ ಬಾಗಿಲು ತೆರೆದು ಹಿಡಿದಿದ್ದ. ಅವನಿಗೆ ಗೊತ್ತಿರಲಿಲ್ಲ ಎಂಬ ಒಂದೇ ಸಮಾಧಾನದ ಮೇಲೆ ನಾನು ಇಷ್ಟು ವರ್ಷ ಉಂಡು, ಮಲಗಿ, ಮಕ್ಕಳಿಗೆ ಪಾಠ ಹೇಳಿದ್ದೆ.

ಸೊಸೆ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟಳು. ಕುಡಿದೆ. ಆಮೇಲೆ ಅವಳು, ಮನೆಗೆ ಬಂದ ಟೀಚರನ್ನು ಏನಾದರೂ ಮಾತಾಡಿಸಬೇಕಲ್ಲ ಎಂದು, “ಜಾಲಿ ತೆಗಸ್ರಿ ಅಂತ ಈಗ ಒಂದು ಅರ್ಜಿ ಬರದು ಕೊಡ್ತೀರೇನ್ರಿ ಅಕ್ಕೋರ?” ಎಂದಳು. ಅವಳಿಗೆ ಕುಹಕವಿರಲಿಲ್ಲ, ಮಾವನ ಹಾಗೆಯೇ. ಹಾಳೆ, ಪೆನ್ನು ತರಿಸಿದೆ. ಚಾಪೆಯ ಮೇಲೆ ಕೂತು, ‘ಇದು ಹುಲ್ಲಿನ ಜಾಗ’ ಎಂದು ಮೊದಲ ಸಾಲು ಬರೆದೆ. ಅಕ್ಷರ ಮೊದಲಿನಂತೆ ದುಂಡಗೆ ಬರಲಿಲ್ಲ. ಹಾಗೇ ಪೂರ್ತಿ ಬರೆದು, ಸಹಿ ಮಾಡಿ ಕೊಟ್ಟೆ. ಅದನ್ನು ಯಾರಿಗೆ ಓದಿ ಹೇಳಬೇಕಿತ್ತೋ ಆ ಮನುಷ್ಯ ಹದಿನೈದು ವರ್ಷದಿಂದ ಮಾಗಳದ ಗದ್ದೆಯ ಮಣ್ಣಿನಲ್ಲಿದ್ದ.